ಒಂಬತ್ತು ವರ್ಷ ಅಲುಗದ ಸೀಟು

"ಈ ಭಾನುವಾರ ಹಳೆಯದು ಹೊರಗೆ, ಹೊಸದು ಒಳಗೆ! ಗೋಡೆಗೆ ಒಂದು ಗೀರು ಬೀಳೋದಿಲ್ಲ, ನಿನ್ನ ಕಿವಿಗೆ ಒಂದು ಸದ್ದು ಬೀಳೋದಿಲ್ಲ!" ಎಂದು ದಂತವೈದ್ಯರು ಕಾಫಿಯ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೆಂಡತಿಗೆ ಘೋಷಿಸಿದರು. ಸಿಂಹಾಸನ ಬಿಟ್ಟುಕೊಡುವ ಚಕ್ರವರ್ತಿಯೂ ಇಷ್ಟು ಗಂಭೀರವಾಗಿ ಮಾತಾಡಿರಲಾರ. ಇವರು ಬಿಟ್ಟುಕೊಡಲಿದ್ದದ್ದು ಒಂದು ಸೈಕಲ್ಲು.

ಹಾಗೆಂದು ಅದನ್ನು ಬರೀ ಸೈಕಲ್ಲು ಎಂದರೆ ಅವರು ಮಾತು ಬಿಡುತ್ತಿದ್ದರು. ಸೈಕಲ್ಲಿನ ಗಂಧಗಾಳಿ ಇಲ್ಲದವರೂ ಹೆಸರು ಕೇಳಿ ತಲೆಯಾಡಿಸುವಂಥ ಕಂಪನಿ. ಒಂದು ಬೆರಳಲ್ಲಿ ಎತ್ತಬಹುದಾದ, ಎರಡೂ ಕೈಯಿಂದ ಬೆಲೆ ತೆರಬೇಕಾದ ರೇಸಿನ ಗಾಡಿ. ಅದನ್ನು ಕೊಂಡ ದಿನ ಅಂಗಡಿಯವರು ವೈದ್ಯರ ಕಾಲನ್ನು ಅಳೆದು ಸೀಟಿನ ಎತ್ತರ ಗೊತ್ತುಮಾಡಿದ್ದರು. ಅಂದಿನಿಂದ ಒಂಬತ್ತು ವರ್ಷ ಆ ಸೀಟನ್ನು ಯಾರೂ ಮುಟ್ಟಿರಲಿಲ್ಲ. ಸೈಕಲ್ ಸಂಘಕ್ಕೆ ಹೊಸಬರು ಯಾರೇ ಬಂದು, "ಈ ಕಂಪನಿದು ತಗೋಬಹುದಾ ಸಾರ್? ತುಂಬಾ ದಿನ ಬರುತ್ತಾ?" ಎಂದು ಕೇಳಿದ್ದೇ ತಪ್ಪು, ವೈದ್ಯರು ಹೆಲ್ಮೆಟ್ ತೆಗೆದು, ಗಂಟಲು ಸರಿಮಾಡಿಕೊಂಡು, "ನನ್ನ ದೀರ್ಘಕಾಲದ ಅನುಭವದಲ್ಲಿ..." ಎಂದು ಶುರುಮಾಡುತ್ತಿದ್ದರು. ಪ್ರವಚನದ ಸಾರ ಒಂದೇ: "ಒಂದು ಸಲ ಸರಿಯಾಗಿ ಕೂರಿಸು, ಆಮೇಲೆ ಮುಟ್ಟಬೇಡ!"

ಈಗ ಅದೇ ಕಂಪನಿ ಹೊಸ ಮಾದರಿ ಬಿಟ್ಟಿತ್ತು. ವೈದ್ಯರು ಅಂಗಡಿಗೆ ಮುಂಗಡ ಕೊಟ್ಟು ಬಂದಿದ್ದರು, ಮನೆಯಲ್ಲಿ ಹೇಳಿದ್ದು ಆಮೇಲೆ. ಗಣಿತದ ಉಪನ್ಯಾಸಕಿಯಾದ ಹೆಂಡತಿ ಉತ್ತರ ಪತ್ರಿಕೆಗಳಿಂದ ತಲೆ ಎತ್ತದೆ ಷರತ್ತು ಹಾಕಿದ್ದರು: "ಹಳೇದು ಹೊಸ್ತಿಲು ದಾಟೋ ತನಕ ನಿಮ್ಮ ಹೊಸದು ಹೊಸ್ತಿಲು ತುಳಿಯೋ ಹಾಗಿಲ್ಲ."

ಗಿರಾಕಿಯೂ ಸಿಕ್ಕಿದ್ದಳು. ಬೀದಿಯ ಕೊನೆಯಲ್ಲಿ ಔಷಧಿ ಅಂಗಡಿ ನಡೆಸುವವಳು. ಸೈಕಲ್ ತುಳಿಯುವುದರಲ್ಲಿ ಗಟ್ಟಿಗಿತ್ತಿ, ಮಾತು ಖಡಕ್ಕು. ಆದರೆ ವೈದ್ಯರಿಗಿಂತ ಗೇಣುದ್ದ ಕುಳ್ಳು. ಸೀಟು ಇಳಿಸಿಕೊಟ್ಟರೆ ಭಾನುವಾರ ಬಂದು ಒಯ್ಯುತ್ತೇನೆ ಎಂದಿದ್ದಳು.

"ಎರಡು ನಿಮಿಷದ ಕೆಲಸ," ಎಂದರು ವೈದ್ಯರು.

ಭಾನುವಾರ ಸೀಟಿನ ಕೊಳವೆಯನ್ನು ಬಿಗಿದಿದ್ದ ತಿರುಪು ಸಲೀಸಾಗಿ ಬಿಚ್ಚಿಕೊಂಡಿತು. ಸೀಟು ಅಲುಗಲಿಲ್ಲ. ಒತ್ತಿದರು, ಎಳೆದರು, ಕೊನೆಗೆ ಅದರ ಮೇಲೆ ಕೂತು ಕುಪ್ಪಳಿಸಿದರು. ದಿನವೂ ಊರಿನವರ ದವಡೆಹಲ್ಲು ಕಿತ್ತು ಕೈಗಿಡುವ ಮಹಾನುಭಾವರಿಗೆ ಸ್ವಂತ ಸೈಕಲ್ಲಿನ ಒಂದು ಕೊಳವೆ ಅಲುಗಾಡಿಸಲಾಗಲಿಲ್ಲ! ಹೆಂಡತಿಯ ತಮ್ಮನಿಗೆ ಬುಲಾವ್ ಹೋಯಿತು. ಅವನು ತೂಕದ ಮನುಷ್ಯ. ತೂಕವೆಲ್ಲ ಸೊಂಟದ ಸುತ್ತಲೇ ಇತ್ತು.

"ಭಾವ, ಇದನ್ನ ಆಗಾಗ ತೆಗೆದು ಒರೆಸಿ ಗ್ರೀಸ್ ಹಚ್ತಿದ್ರಿ ತಾನೇ?"

"ಯಾಕೆ ತೆಗೀಬೇಕು? ಸರಿಯಾಗೇ ಇತ್ತಲ್ಲ!"

"ಹಾಗಾದ್ರೆ ಒಂಬತ್ತು ವರ್ಷದ ನಿಮ್ಮ ಬೆವರು ಒಳಗಿಳಿದು ಗಾರೆ ಹಾಕಿದ ಹಾಗೆ ಹಿಡ್ಕೊಂಡಿದೆ."

"ಕಷ್ಟಪಟ್ಟು ದುಡಿದ ಬೆವರು ಕಣೋ ಅದು!"

"ಅದಕ್ಕೇ ಬಿಡ್ತಿಲ್ಲ."

ಎಣ್ಣೆ ಬಿಟ್ಟರು. ಎಣ್ಣೆ ಕೊಳವೆಯೊಳಗೆ ಹೋಗಲು ಒಪ್ಪದೆ ಜಮಖಾನದೊಳಗೆ ಹೋಯಿತು. ತಣ್ಣಗಾದರೆ ಲೋಹ ಕುಗ್ಗುತ್ತದೆ ಎಂಬ ವಿಜ್ಞಾನ ವೈದ್ಯರಿಗೆ ನೆನಪಾಗಿ, ಫ್ರಿಜ್ಜಿನಲ್ಲಿದ್ದ ಬಟಾಣಿಯ ಪೊಟ್ಟಣ ತಂದು ಕಟ್ಟಿದರು. ಪೊಟ್ಟಣ ಒಡೆಯಿತು. ಬಟಾಣಿ ಕಾಳು ಸೋಫಾದಡಿಗೆ, ಕಪಾಟಿನಡಿಗೆ ಉರುಳಿದವು. ಅಷ್ಟು ಹೊತ್ತಿನಲ್ಲಿ ಆ ಮನೆಯಲ್ಲಿ ಅಲುಗಿದ್ದು ಅವು ಮಾತ್ರ.

"ಏನ್ರೀ ಅದು ಕೆಳಗೆ?" ಮಹಡಿಯಿಂದ ದನಿ ಬಂತು.

"ಏನಿಲ್ಲ! ಆಗ್ತಾ ಬಂತು!"

ಆಗಲೇ ಭಾವಮೈದನಿಗೆ ಮಹತ್ತರವಾದ ಉಪಾಯ ಹೊಳೆದದ್ದು. ಸೀಟನ್ನು ಎಲ್ಲಾದರೂ ಭದ್ರವಾಗಿ ಸಿಕ್ಕಿಸಿ, ಇಡೀ ಸೈಕಲ್ಲನ್ನೇ ಸನ್ನೆಗೋಲಿನಂತೆ ತಿರುಗಿಸಿದರೆ? ಮನೆಯಲ್ಲಿ ಭದ್ರವಾಗಿದ್ದದ್ದು ಮೆಟ್ಟಿಲಿನ ಮರದ ಕಟಾಂಜನ. ಅದರ ಎರಡು ಮರದ ಕಂಬಿಗಳ ನಡುವೆ ಸೀಟಿನ ಮೂತಿ ತೂರಿಸಿದರು. ಒಬ್ಬರು ಮುಂದಿನ ಚಕ್ರ, ಇನ್ನೊಬ್ಬರು ಹಿಂದಿನ ಚಕ್ರ ಹಿಡಿದರು.

"ಒಂದು... ಎರಡು... ಹಾಕು!"

'ಕಟ್' ಎಂದಿತು.

"ಬಂತು!" ಎಂದು ವೈದ್ಯರು ಕೂಗಿದರು.

ಬಂದದ್ದು ಕಂಬಿ. ಒಂದು ಕಂಬಿ ಸೊಟ್ಟಗಾಗಿ ದಾರಿ ಬಿಟ್ಟಿತು, ಸೀಟು ಅದರೊಳಗೆ ಪೂರ್ತಿ ನುಗ್ಗಿತು, ಕಂಬಿ ವಾಪಸು ಬಂದು ಬಿಗಿಯಾಗಿ ಕಚ್ಚಿಕೊಂಡಿತು. ಸೀಟನ್ನು ಕೊಳವೆಯಿಂದ ಬಿಚ್ಚೋಣವೆಂದರೆ ಅದರ ತಿರುಪು ಮರಕ್ಕೆ ಆತುಕೊಂಡು ಸ್ಪ್ಯಾನರ್ ತೂರಲು ಜಾಗವಿಲ್ಲ. ಈಗ ಸೈಕಲ್ಲು ಮೆಟ್ಟಿಲಿಗೆ ಅಡ್ಡಲಾಗಿ, ನೆಲ ಮುಟ್ಟದೆ, ರೈಲ್ವೆ ಗೇಟಿನಂತೆ ನಿಂತಿತು. ಮೊದಲು ಸೈಕಲ್ಲಿನಿಂದ ಸೀಟು ಬರುತ್ತಿರಲಿಲ್ಲ. ಈಗ ಮನೆಯಿಂದ ಸೈಕಲ್ಲೂ ಬರುತ್ತಿರಲಿಲ್ಲ!

ಹೆಂಡತಿ ಮೇಲಿನ ಮೆಟ್ಟಿಲಿಗೆ ಬಂದು ಕನ್ನಡಕ ಸರಿಮಾಡಿಕೊಂಡರು.

"ಮಾರ್ತೀನಿ ಅಂದ್ರಲ್ಲ. ಇದೇನು, ಮನೆಗೇ ಹೊಲಿದುಬಿಟ್ರಾ?"

"ಸ್ವಲ್ಪ ತಾಳ್ಮೆ ಇರಲಿ."

"ತಾಳ್ಮೆ ಇದೆ. ಕೆಳಗಿಳಿಯೋಕೆ ದಾರಿ ಇಲ್ಲ."

"ಅಕ್ಕಾ, ಚಕ್ರದ ಕೆಳಗೆ ತೂರಿ ಬಂದ್ಬಿಡು," ಎಂದ ತಮ್ಮ. ಅಕ್ಕ ನೋಡಿದ ನೋಟಕ್ಕೆ ಅವನೇ ಸೋಫಾದಡಿ ತೂರಿ ಬಟಾಣಿ ಆಯತೊಡಗಿದ.

ಬಾಗಿಲ ಗಂಟೆಯ ಸದ್ದಾಯಿತು. ಔಷಧಿ ಅಂಗಡಿಯವಳು ಒಳಗೆ ಬಂದು, ನೇತಾಡುವ ಸೈಕಲ್ಲನ್ನು, ಎಣ್ಣೆಯ ಜಮಖಾನವನ್ನು, ಬೆವರು ಸುರಿಸುತ್ತಿದ್ದ ವೈದ್ಯರನ್ನು ಒಂದೊಂದಾಗಿ ನೋಡಿದಳು.

"ಡಾಕ್ಟ್ರೇ, ನೀವು ಹಲ್ಲು ಕೀಳೋದೂ ಹೀಗೇನಾ?"

"ಛೆ ಛೆ! ಅದಕ್ಕೆ ಮರಗಟ್ಟಿಸೋ ಇಂಜೆಕ್ಷನ್ ಇದೆ."

"ನಾಳೆ ಹಲ್ಲು ಕೀಳಿಸೋಕೆ ನಿಮ್ಮ ಹತ್ರ ಬರೋದಿತ್ತು, ಬೇಡ. ಸೈಕಲ್ಲೂ ಬೇಡ. ನಿಮ್ಮ ಕಾಲಿನ ಅಳತೆಯವರು ಯಾರಾದ್ರೂ ಇದ್ರೆ ಹುಡುಕಿಕೊಳ್ಳಿ."

ಅವಳು ಹೋದಳು. ಬಡಗಿ ಬಂದ. ಗರಗಸ ಹಿಡಿದು ಒಂದೇ ಪ್ರಶ್ನೆ ಕೇಳಿದ: "ಸೀಟಿನ ಕೊಳವೆ ಕೊಯ್ಯಲೋ, ಕಟಾಂಜನ ಕೊಯ್ಯಲೋ?"

ಮನೆ ಕಟ್ಟಿಸುವಾಗ ತಾವೇ ನಿಂತು ಮಾಡಿಸಿದ ಕಟಾಂಜನವನ್ನು ಹೆಂಡತಿ ಮೇಲಿನಿಂದ ನೋಡಿದರು. ವೈದ್ಯರು ಯಾರನ್ನೂ ನೋಡದೆ, ಮದುವೆಯ ಇಷ್ಟು ವರ್ಷಗಳಲ್ಲಿ ಆಡಬಾರದಿದ್ದ ಮಾತನ್ನು ಆಡಿದರು: "ಕಟಾಂಜನ."

ಕೊಯ್ದ ಮೇಲೆ ಹೆಂಡತಿ ಕೆಳಗಿಳಿದು ಬಂದರು. ಕೊಯ್ದ ಕಂಬಿಯ ತುಂಡನ್ನು ಎತ್ತಿ ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ಫೋನು, ಎತ್ತಿದ್ದು ಹೆಂಡತಿ. ಸೈಕಲ್ ಅಂಗಡಿಯವನು: ಹೊಸ ಗಾಡಿ ಬಂದಿದೆ, ಯಾವಾಗ ಬರ್ತೀರಿ?

"ಬೇಡ ಅಂದ್ಬಿಡು. ಮುಂಗಡ ಹೋದ್ರೆ ಹೋಗಲಿ," ಎಂದರು ವೈದ್ಯರು ಬಾಡಿದ ಮುಖದಲ್ಲಿ.

ಹೆಂಡತಿ ಮತ್ತೆ ಫೋನ್ ಕಿವಿಗಿಟ್ಟರು. "ಹೌದು, ಅದೇ ಕಂಪನಿ, ಅದೇ ಬಣ್ಣ. ಅಳತೆ ಮಾತ್ರ ಎರಡು ನಂಬರ್ ಚಿಕ್ಕದು. ಹೂಂ, ನನಗೇ."

"ನಿನಗಾ! ಹಳೇದು ಇನ್ನೂ ಮನೇಲಿದೆಯಲ್ಲ?"

"ಅದು ನಿಮ್ಮ ಹಳೇದು. ಅದರ ಜೊತೆ ನೀವಿರಿ."

ಹೊಸ ಸೈಕಲ್ಲು ಬಂತು. ಒಂದು ಬೆರಳಲ್ಲಿ ಎತ್ತಿ ನೋಡಿದ ವೈದ್ಯರ ಕಣ್ಣು ತುಂಬಿತು, ಹಳೆಯದಕ್ಕಿಂತಲೂ ಹಗುರ! ಪ್ರಾಯಶ್ಚಿತ್ತವೆಂಬಂತೆ ಹಜಾರದಲ್ಲಿ ಮಂಡಿಯೂರಿ ಕೂತು, ಹೆಂಡತಿಯ ಕಾಲಿನ ಉದ್ದ ಅಳೆದು, ಸೀಟಿನ ಎತ್ತರ ಗುರುತಿಸಿ, ಸ್ಪ್ಯಾನರ್ ತಿರುಗಿಸತೊಡಗಿದರು. ಉಸಿರು ಬಿಗಿಹಿಡಿದು ಇನ್ನೊಂದು ಸುತ್ತು, ಮತ್ತೊಂದು ಸುತ್ತು.

"ನೋಡು, ನನ್ನ ದೀರ್ಘಕಾಲದ ಅನುಭವದಲ್ಲಿ..."

"ಸಾಕು ಬಿಡ್ರೀ, ಜಾಸ್ತಿ ಬಿಗಿಯಬೇಡಿ," ಎಂದರು ಹೆಂಡತಿ. "ನಾಳೆ ನಾನು ಇದನ್ನ ಮಾರೋದಿದ್ರೆ?"