ಬೆಟ್ಟಯ್ಯನವರ ಶೈಲಿ

ಪತ್ರಿಕೆಯ ಓದುಗರ ಅಂಕಣಕ್ಕೆ ಆ ದಿನ ಒಂದೂ ಪತ್ರ ಬಂದಿರಲಿಲ್ಲ. ಎಲ್ಲ ರಗಳೆಗೂ ಮೂಲ ಅದೇ. ಜಾಗ ಖಾಲಿ ಬಿಡುವಂತಿಲ್ಲ. ಉಪಸಂಪಾದಕ ವಿಠ್ಠಲ, ಬಸ್ ಸ್ಟಾಪಿನಲ್ಲಿ ಜನರಿಗಿಂತ ಮೊದಲು ಎಮ್ಮೆಗಳು ನಿಲ್ಲುವ ಬಗ್ಗೆ ತಾನೇ ಒಂದು ಪತ್ರ ಬರೆದು, ಕೆಳಗೆ ಬಾಯಿಗೆ ಬಂದ ಹೆಸರು ಹಾಕಿದ: ಬೆಟ್ಟಯ್ಯ, ಕುರುಬರಹಳ್ಳಿ. ಬೆಟ್ಟಯ್ಯ ಅವನ ಮನೆ ಓನರು. ಒಂದು ಹೋಗಿ ಮೂರು ವರ್ಷದಲ್ಲಿ ಇನ್ನೂರು ಪತ್ರಗಳಾದವು. ಓನರು ಒಂದು ದಿನವೂ ಕೇಳಲಿಲ್ಲ. ಪೇಪರ್ ಓದುವ ಪೈಕಿ ಅಲ್ಲವೆಂದುಕೊಂಡು ಇವನೂ ನಿಶ್ಚಿಂತನಾಗಿದ್ದ.

ಅವನ ಚಿಂತೆ ಬೇರೆಯೇ ಇತ್ತು. ಮೊದಲ ಕಾದಂಬರಿಯನ್ನು ಪ್ರಕಾಶಕ ಸಂಪತ್ ಅವರ ಕೈಗೆ ಕೊಟ್ಟು ಆರು ತಿಂಗಳಾಗಿತ್ತು. ಲೇಖಕ ಅನ್ನಿಸಿಕೊಂಡೇ ಊರಿಗೆ ಬರುತ್ತೇನೆಂದು ಗದಗಿನಲ್ಲಿ ಅಕ್ಕನಿಗೆ ಹೇಳಿ ಬಂದವನು ಪಾಪ.

೨೦೦೬ರ ಒಂದು ಭಾನುವಾರ ಬೆಳಿಗ್ಗೆ ಸಾಕ್ಷಾತ್ ಸಂಪತ್ ಅವರೇ ಗೇಟು ತೆಗೆದು ಒಳಗೆ ಬಂದರು. ವಿಠ್ಠಲ ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಓಡಿದ.

"ಬರ್ರಿ ಸರ, ನಮ್ಮ ಮನಿ ಮ್ಯಾಲೈತಿ."

"ಓ, ನೀವೂ ಇಲ್ಲೇ ಇರೋದಾ? ನಾನು ಬೆಟ್ಟಯ್ಯನವರನ್ನ ನೋಡೋಕೆ ಬಂದೆ. ಅವರ ಪತ್ರಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡ್ಬೇಕು."

ವಿಠ್ಠಲ ಬಾಯಿ ತೆರೆಯುವಷ್ಟರಲ್ಲೇ ಪಕ್ಕದ ಮನೆಯ ಅಲಮೇಲು ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, "ಬೆಟ್ಟಯ್ಯನೋರೇ, ನಿಮ್ಮ ಪುಸ್ತಕ ಬರ್ತಿದ್ಯಂತೆ!" ಎಂದು ಬೀದಿಗೆಲ್ಲ ಸಾರಿದರು. ಹತ್ತೇ ನಿಮಿಷದಲ್ಲಿ ಓನರ ವರಾಂಡದ ತುಂಬ ಜನ. ಯಾರೋ ಹಾರವನ್ನೂ ತಂದರು. ಬೆಟ್ಟಯ್ಯ ಮದುವೆ ಗಂಡಿನ ಹಾಗೆ ಕತ್ತು ಬಗ್ಗಿಸಿ ಹಾಕಿಸಿಕೊಂಡರು.

ಸಂಪಾದಕರಿಗೆ ಗೊತ್ತಾಗಿ ಕೆಲಸ ಹೋದರೂ ಹೋಗಲಿ ಎಂದು ವಿಠ್ಠಲ ಜನರನ್ನು ತಳ್ಳಿಕೊಂಡು ಮುಂದೆ ಬಂದ. "ಸರ, ಆ ಪತ್ರ ಎಲ್ಲಾ ಬರದಾಂವ ನಾನು!"

ಎಲ್ಲರೂ ಬೆಟ್ಟಯ್ಯನವರ ಕಡೆ ತಿರುಗಿದರು. ಬೆಟ್ಟಯ್ಯ ಸಿಟ್ಟಾಗಲಿಲ್ಲ. ಒಳಗೆ ಹೋಗಿ ನಾಲ್ಕು ದಪ್ಪ ನೋಟ್‌ಬುಕ್ ತಂದು ಸಂಪತ್ ಮುಂದಿಟ್ಟರು. ಇನ್ನೂರು ಪತ್ರಗಳೂ ಅವರದೇ ಕೈಬರಹದಲ್ಲಿ! ಮಹಾನುಭಾವರು ಪೇಪರಿನಲ್ಲಿ ಬಂದದ್ದನ್ನೆಲ್ಲ ಒಂದೂ ಬಿಡದೆ ನಕಲಿಳಿಸಿದ್ದರು. ನೋಡುವವರಿಗೆ ಅನುಮಾನ ಬಾರದಿರಲೆಂದು ಅಲ್ಲಲ್ಲಿ ಹೊಡೆದು ತಿದ್ದಿಯೂ ಇದ್ದರು.

"ಎಲ್ಲಿ, ನೀನು ಬರ್ದಿರೋದು ತೋರ್ಸಪ್ಪ," ಅಂದರು ಮೆತ್ತಗೆ.

ವಿಠ್ಠಲ ಏನು ತೋರಿಸಿಯಾನು? ಎಲ್ಲವನ್ನೂ ಆಫೀಸಿನ ಕಂಪ್ಯೂಟರಿನಲ್ಲೇ ಟೈಪ್ ಮಾಡಿ ಪುಟಕ್ಕೆ ಹಾಕಿದ್ದ. ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

"ಅಬ್ಬಾ, ಎಂಥಾ ಹೊಟ್ಟೆಕಿಚ್ಚಪ್ಪಾ!" ಅಂದರು ಅಲಮೇಲು.

ಸಂಪತ್ ಅವನನ್ನು ಪಕ್ಕಕ್ಕೆ ಕರೆದರು. "ವಿಠ್ಠಲ್, ನಿಮ್ಮ ಕಾದಂಬರಿ ಓದ್ದೆ."

ಹೋದ ಜೀವ ಮರಳಿ ಬಂತು. "ಹೆಂಗೈತ್ರಿ ಸರ?"

"ಚೆನ್ನಾಗೇನೋ ಇದೆ. ಆದ್ರೆ ಪ್ರಿಂಟ್ ಮಾಡೋಕಾಗಲ್ಲ ಕಣ್ರೀ. ಪ್ರತಿ ಸಾಲೂ ಬೆಟ್ಟಯ್ಯನವರನ್ನ ಕಾಪಿ ಹೊಡ್ದಂಗಿದೆ. ಬಾಡಿಗೆ ಮನೇಲಿರಿ, ಬೇಡ ಅನ್ನಲ್ಲ. ಶೈಲಿನಾದ್ರೂ ಸ್ವಂತದ್ದಿರ್ಲಿ!"