ರಜೆಯ ಮೇಲೆ ಹೋದ ಬೀಜದ ಕುದುರೆ

ನಮ್ಮ ಸೋದರಮಾವ ಇಡೀ ಜನ್ಮದಲ್ಲಿ ಒಂದೂ ತಪ್ಪು ಮಾಡಿಲ್ಲ. ಹಾಗಂತ ಅವನೇ ಹೇಳುತ್ತಾನೆ. ಸೈಕಲ್ಲಿಂದ ಬಿದ್ದರೆ ರಸ್ತೆಯದು ತಪ್ಪು, ಬಸ್ಸು ತಪ್ಪಿದರೆ ಡ್ರೈವರನ ಗಡಿಯಾರದ್ದು ತಪ್ಪು. ಇಂಥವನ ಬೀಜದ ಕುದುರೆಯಲ್ಲಿ ದೋಷವಿದೆ ಅಂತ ಯಾರಾದರೂ ಅಂದರೆ ಏನಾಗಬೇಡ?

ಮಣ್ಣೂರಿನಲ್ಲಿ ಅವನ ಮನೆ, ಹಿಂದೆಯೇ ಭೀಮಾ ನದಿ. ಊರಿನ ಹಿರಿಯರನ್ನೆಲ್ಲ "ಲೇ" ಅನ್ನುವ ಮಾವ ಕುದುರೆಯನ್ನು ಮಾತ್ರ "ಸಾಹೇಬ್ರ, ಬರ್ರಿ" ಎಂದೇ ಕರೆಯೋದು. ಗಾಡಿ ಓಟದಲ್ಲಿ ಸಾಹೇಬರು ಸೋತಿದ್ದೇ ಇಲ್ಲ. ಸೋಲಬಾರದೆಂದು ಮಾವ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ರಣಬಿಸಿಲಲ್ಲಿ ಇನ್ನೊಮ್ಮೆ ನದಿಯ ಉಸುಕಿನಲ್ಲಿ ಅವರನ್ನು ಓಡಿಸುತ್ತಿದ್ದ. ಬೆವರು ಸುರಿಸಿ ಬಂದ ಸಾಹೇಬರಿಗೆ ನಮ್ಮತ್ತಿ ನೆನೆಸಿದ ಕಡಲೆ ಇಡುತ್ತಿದ್ದಳು. "ಸ್ವಲ್ಪ ನೆರಳಿಗಿ ಕಟ್ರಿ" ಅಂದರೆ ಮಾವ ಕೇಳುತ್ತಿರಲಿಲ್ಲ.

ಓಟದ ಹೆಸರು ಕೇಳಿ ಜನ ಹೆಣ್ಣುಕುದುರೆ ಹೊಡೆದುಕೊಂಡು ಬರತೊಡಗಿದರು. ಜೇವರ್ಗಿ ಕಡೆಯದು ಬಂತು, ಗಬ್ಬ ನಿಲ್ಲಲಿಲ್ಲ. ನಿಂಬರ್ಗಾದ ರೈತರೊಬ್ಬರು ಎರಡು ಸಲ ಟೆಂಪೋದಲ್ಲಿ ತಂದರು, ಆಗಲೂ ಇಲ್ಲ. ಮೂರನೇ ಸಲ ಅವರು ಕುದುರೆ ತರದೆ ಒಬ್ಬರೇ ಬಂದು, ನಿಮ್ಮ ಸಾಹೇಬರನ್ನು ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ಮೆಲ್ಲಗೆ ಹೇಳಿದರು. ಮಾವ ಕೆಂಡವಾದ. ನಿಂಬರ್ಗಾದ ನೀರು ಸರಿಯಿಲ್ಲ, ಮೇವು ಸರಿಯಿಲ್ಲ, ಗಾಳಿಯೂ ಸರಿಯಿಲ್ಲ ಎಂದ. ಕೊನೆಗೆ ಅವರ ಬಾಯಿ ಮುಚ್ಚಿಸಲಿಕ್ಕೆಂದೇ ಪಶುವೈದ್ಯರನ್ನು ಕರೆಸಿದ. ರಜೆಗೆ ಹೋಗಿದ್ದ ನನ್ನನ್ನು ಸಾಕ್ಷಿಗೆ ನಿಲ್ಲಿಸಿಕೊಂಡ.

ಬಂದವಳು ಎಳೆಯ ವಯಸ್ಸಿನ ಡಾಕ್ಟರಮ್ಮ. ಕುದುರೆಯ ವೀರ್ಯ ಬೇಕು ಅಂದಾಗ ಮೀಸೆ ಹೊತ್ತ ಗಂಡಸರೆಲ್ಲ ನೆಲ ನೋಡಿದರು. ನಾಚದೆ ನಿಂತವಳು ಅವಳೊಬ್ಬಳೇ. ವೀರ್ಯ ತೆಗೆದ ಕೂಡಲೇ, ಜೊತೆಗೆ ತಂದಿದ್ದ ಸೂಕ್ಷ್ಮದರ್ಶಕದಲ್ಲಿ ಮಾವನಿಗೇ ತೋರಿಸಿದಳು. ಬಹಳಷ್ಟು ವೀರ್ಯಾಣುಗಳು ಸುಮ್ಮನೆ ಬಿದ್ದಿದ್ದವು. ಉಳಿದವು ಇದ್ದಲ್ಲೇ ಗಿರಕಿ ಹೊಡೆಯುತ್ತಿದ್ದವು. ಬಿಸಿಲಲ್ಲಿ ಮಿತಿಮೀರಿ ಓಡಿದರೆ ಮೈ ಕಾಯುತ್ತದೆ, ವೃಷಣ ಮೈಗಿಂತ ತಂಪಾಗಿರಬೇಕು, ದಣಿವು ಆರದಿದ್ದರೆ ವೀರ್ಯ ಕೆಡುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. ಹೊಸದಾಗಿ ತಯಾರಾಗಲಿಕ್ಕೆ ಸುಮಾರು ಎರಡು ತಿಂಗಳು ಬೇಕಂತೆ.

"ಓಡೋದು ಕುದುರಿ ಧರ್ಮ ಅದ" ಅಂದ ಮಾವ. "ನಾಳೆ ಈಜಿದ್ರ ಮೀನಿಗಿ ಮರಿ ಆಗಂಗಿಲ್ಲ ಅಂತೀರಿ."

"ಓಡಿಸಬ್ಯಾಡ್ರಿ ಅಂದಿಲ್ರಿ ಕಾಕಾ. ದಣಿಸಬ್ಯಾಡ್ರಿ ಅಂದೇನಿ."

ಮಾವ ಒಪ್ಪಿದನೇ? ಛೆ! ಡಾಕ್ಟರಮ್ಮನ ಮಾತು ಸುಳ್ಳೆಂದು ತೋರಿಸಲಿಕ್ಕಾಗಿಯೇ ಎರಡು ತಿಂಗಳು ಓಟ ನಿಲ್ಲಿಸುತ್ತೇನೆಂದು ಸವಾಲು ಹಾಕಿದ. ಹಟಕ್ಕೆ ಬಿದ್ದ ಮೇಲೆ ಕೇಳಬೇಕೆ? ಕೊಟ್ಟಿಗೆಗೆ ಹಸಿ ಗೋಣಿಚೀಲ ಇಳಿಬಿಟ್ಟ. ತಂಪು ಹೊತ್ತಿನಲ್ಲಿ ಲಗಾಮು ಹಿಡಿದು, ಸಾಹೇಬರ ಪಕ್ಕದಲ್ಲಿ ತಾನೂ ನಡೆದ. ಓಟಕ್ಕೆ ಕರೆಯಲು ಬಂದವರಿಗೆ, "ಸಾಹೇಬರು ರಜಾದ ಮ್ಯಾಲ ಹೋಗ್ಯಾರ" ಎಂದು ಬಾಗಿಲಲ್ಲೇ ಹೇಳಿ ಕಳಿಸಿದ. ಊರು ನಕ್ಕಿತು. ಮಾವ ಇನ್ನಷ್ಟು ಎದೆಯುಬ್ಬಿಸಿ ನಡೆದ.

ಸಾಹೇಬರ ರಜೆ ಮುಗಿದ ಮೇಲೆ ನಿಂಬರ್ಗಾದ ಕುದುರೆ ಮತ್ತೆ ಬಂತು, ಈ ಸಲ ಗಬ್ಬ ನಿಂತಿತು. ತನ್ನ ಕುದುರೆ ಒಳ್ಳೆಯದೆಂದು ತಿಳಿಯಲಿಕ್ಕೆ ಡಾಕ್ಟರಮ್ಮನಿಗೆ ಎರಡು ತಿಂಗಳು ಬೇಕಾಯಿತು ಎಂದು ಮಾವ ಸಾರಿಕೊಂಡು ಬಂದ.

ಹನ್ನೊಂದು ತಿಂಗಳಿಗೆ ಆ ರೈತರು ಪೇಢೆ ಹಿಡಿದು ಬಂದು, ಮೊಬೈಲಿನಲ್ಲಿ ಮರಿಯ ಫೋಟೋ ತೋರಿಸಿದರು. ಅಂಗಳದ ತುಂಬ ಜನ. ಅವತ್ತು ನಾನೂ ನಮ್ಮವ್ವನೂ ಅಲ್ಲಿದ್ದೆವು. ನಮ್ಮವ್ವ ಮಾವನ ಅಕ್ಕ. ಮಾವನಿಗೆ ಮಕ್ಕಳಿಲ್ಲ. ಇನ್ನೊಂದು ಮದುವೆ ಮಾಡಿಕೋ ಎಂದು ಅವ್ವ ವರ್ಷಗಟ್ಟಲೆ ಅವನ ಬೆನ್ನು ಹತ್ತಿದ್ದಳು, ಅವನು ಒಪ್ಪಿರಲಿಲ್ಲ. ಪೇಢೆ ಬಾಯಿಗಿಟ್ಟುಕೊಂಡು ಅವ್ವ, ಚಹಾ ತರುತ್ತಿದ್ದ ಅತ್ತಿಯ ಕಡೆ ನೋಡಿ, "ಕುದುರಿ ವಂಶಾ ಬೆಳೀತು. ಈಕಿ ಹೊಟ್ಟಿ ಮಾತ್ರ ಬಂಜರೇ ಉಳೀತು" ಅಂದಳು.

ಅತ್ತಿ ಬಾಗಿಲಲ್ಲೇ ನಿಂತಳು. ಮಾವ ಪೇಢೆ ಕೆಳಗಿಟ್ಟ.

"ಅಕ್ಕಾ, ದೋಷ ಆಕೀದಲ್ಲ, ನಂದು. ಮದ್ವಿ ಆಗಿ ನಾಕ ವರ್ಷಕ್ಕ ಸೊಲ್ಲಾಪುರದಾಗ ತಪಾಸಣಿ ಮಾಡಿಸಿದ್ದೆ. ಆಕೀಗಿ ಗೊತ್ತದ. ಇಷ್ಟ ದಿನ ನನ್ನ ಮಾನ ಉಳಸಾಕ ನಿಮ್ಮ ಮಾತೆಲ್ಲ ತಾನೇ ತಿಂದಾಳ. ಇನ್ನ ಯಾರರ ಆಕೀಗಿ ಅಂದ್ರ, ನನ್ನ ಮುಂದ ಬಂದ ಅನ್ರಿ."

ಅವ್ವ ತಲೆ ತಗ್ಗಿಸಿದಳು. ಅತ್ತಿಯ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ: "ಇಷ್ಟ ಮಂದ್ಯಾಗ ಯಾಕ ಹೇಳಿದ್ರಿ?"

"ಕುದುರಿದು ಊರಿಗೆಲ್ಲ ಹೇಳೇವಿ. ನಂದು ಹೇಳಾಕ ಏನ ನಾಚ್ಕಿ?"

ಅತ್ತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ನಮ್ಮವ್ವ ಎದ್ದು ಹೋಗಿ ಅವಳ ಕೈ ಹಿಡಿದು ಕರೆತಂದು ತನ್ನ ಮಗ್ಗುಲಲ್ಲಿ ಕೂರಿಸಿಕೊಂಡಳು. ಅವತ್ತು ಅಂಗಳದಲ್ಲಿ ಕೂತವರಿಗೆಲ್ಲ ಚಹಾ ಕೊಟ್ಟವನು ನಮ್ಮ ಮಾವ. ಮೊದಲ ಕಪ್ಪು ಅತ್ತಿಗೆ ಕೊಟ್ಟ.