ಕುಳಿ ಎಣಿಸುವ ಯಂತ್ರದವರಿಗೆ, ಕಾಗದದ ಹಿಂಭಾಗದ ಕುರಿತು

ಮಾನ್ಯ ಕುಳಿ ಎಣಿಸುವ ಯಂತ್ರದವರೇ,

ಎಣಿಕೆ ಕೋಣೆಯ ಎರಡನೇ ಮೇಜಿನಿಂದ ತಮಗೆ ಸಾಷ್ಟಾಂಗ ನಮಸ್ಕಾರಗಳು. ನಮ್ಮ ಕೋಣೆಯಿಂದ ಕಳಚಿ ತಮ್ಮ ಕೋಣೆಗೆ ಹಾಕಿಸಿದ ಏಸಿಯ ಕೃಪೆಯಿಂದ ತಾವು ತಂಪಾಗಿ ಇದ್ದೀರೆಂದು ನಂಬಿದ್ದೇನೆ. ನಾವಿಲ್ಲಿ ಫೈಲಿನ ರಟ್ಟಿನಲ್ಲಿ ಗಾಳಿ ಬೀಸಿಕೊಳ್ಳುತ್ತ ಕ್ಷೇಮವಾಗಿದ್ದೇವೆ.

ಚಂದ್ರನ ಮೇಲೆ ಬಂಡೆಗಳು ಅಪ್ಪಳಿಸಿ ಆದ ಕುಳಿಗಳನ್ನು ಫೋಟೋ ನೋಡಿ ಎಣಿಸುವುದು, ಕುಳಿ ಹೆಚ್ಚಿದ್ದಷ್ಟೂ ಆ ನೆಲ ಹಳೆಯದೆಂದು ಅದರ ವಯಸ್ಸು ಕಟ್ಟುವುದು ನಮ್ಮ ಕಸುಬು. “ಅಲ್ಲಮ್ಮ, ಗುಂಡಿ ಎಣಿಸೋದಕ್ಕೂ ಸಂಬಳ ಕೊಡ್ತಾರಾ?” ಎಂದು ನನ್ನ ಅತ್ತೆ ಹದಿನಾಲ್ಕು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ನಾವು ನಾಲ್ವರು ತಿಂಗಳಿಡೀ ಕಣ್ಣು ಕೀಲಿಸಿಕೊಂಡು ಎಣಿಸುವುದನ್ನು ತಾವು ಕಾಫಿ ಆರುವಷ್ಟರಲ್ಲಿ ಮುಗಿಸುತ್ತೀರಿ ಎಂಬುದರಲ್ಲಿ ನನಗೆ ಲವಲೇಶವೂ ಸಂದೇಹವಿಲ್ಲ. ಕಾಫಿಯ ಮಾತು ಬಂತಲ್ಲ, ನನ್ನ ದೂರು ಇರುವುದೇ ಅಲ್ಲಿ.

ಹಳೆಯ ನೌಕೆಯೊಂದು ತೆಗೆದ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ ತಮಗೆ ಉಣಬಡಿಸಲಾಯಿತಷ್ಟೆ. ಅದರಲ್ಲೊಂದು ಬಯಲಿನ ನಡುವೆ ತಾವು ಏಳು ಕಿಲೋಮೀಟರ್ ಅಗಲದ, ಬಳೆಯಂತೆ ದುಂಡಗಿನ ಕುಳಿಯೊಂದನ್ನು ಪತ್ತೆಹಚ್ಚಿದಿರಿ. ಅಂಚಿಗೆ ನೆರಳೇ ಇಲ್ಲವಾದ್ದರಿಂದ ಅದು ಸವೆದು ಸವೆದು ಸಪಾಟಾಗಿರಬೇಕೆಂದು ತರ್ಕಿಸಿ, ಮುನ್ನೂರೈವತ್ತು ಕೋಟಿ ವರ್ಷದ ವಯಸ್ಸನ್ನೂ ದಯಪಾಲಿಸಿದಿರಿ. ಮಾನ್ಯರೇ, ಅದರ ವಯಸ್ಸು ಹದಿಮೂರು. ಕೆಲಸಕ್ಕೆ ಸೇರಿದ ಮರುವರ್ಷ ಆ ಫೋಟೋದ ಮೇಲೆ ಕಾಫಿ ಲೋಟ ಇಟ್ಟವಳು ನಾನೇ.

ಅಂದು ನನ್ನನ್ನು ಬೈದು ಬೆವರಿಳಿಸಿದವರು ಮೊದಲನೇ ಮೇಜಿನ ದೊಡ್ಡಕ್ಕ. ಮೂವತ್ತೊಂದು ವರ್ಷ ಕುಳಿ ಎಣಿಸಿದ ಅವರನ್ನು ಕಚೇರಿಗೆ ಕಚೇರಿಯೇ ಹಾಗೆ ಕರೆಯುತ್ತದೆ. ಪ್ರತಿ ಫೋಟೋವನ್ನೂ ಎರಡು ಸಲ ಎಣಿಸಬೇಕು, ಎರಡನೆಯ ಸಲ ಕಾಗದವನ್ನು ತಲೆಕೆಳಗಾಗಿ ಹಿಡಿಯಬೇಕು ಎಂಬುದು ಅವರ ಕಟ್ಟಪ್ಪಣೆ. ಬೆಳಕು ಬೀಳುವ ದಿಕ್ಕು ತಿರುಗಿದಾಗ ನಿಜವಾದ ಕುಳಿ ನಮ್ಮ ಕಣ್ಣಿಗೆ ದಿಬ್ಬವಾಗಿ ಉಬ್ಬಿಬಿಡುತ್ತದೆ; ಕಲೆ ಮಾತ್ರ ಹೇಗೆ ಹಿಡಿದರೂ ಕಲೆಯೇ. ಆ ಫೋಟೋದ ಹಿಂಭಾಗದಲ್ಲಿ ಅವರು ಪೆನ್ಸಿಲಿನಿಂದ “ಇದು ಕಾಫಿ” ಎಂದು ಬರೆದೂ ಇಟ್ಟಿದ್ದರು.

ನಾನು ಅದನ್ನೇ ಹಿಡಿದುಕೊಂಡು ನಿರ್ದೇಶಕರ ಬಳಿಗೆ ಓಡಿದೆ. ಅಷ್ಟರಲ್ಲಿ ಅವರು ಕುಳಿಗೆ ತಮ್ಮ ಮಾವನವರ ಹೆಸರಿಡಲು ಶಿಫಾರಸು ಬರೆದಾಗಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಬರೀ ಗಾದೆಯಲ್ಲಿರುತ್ತಾರೆಂದು ನಾನು ತಿಳಿದಿದ್ದೆ. “ಸ್ಕ್ಯಾನ್ ಆದ್ಮೇಲೆ ಹಿಂಭಾಗ ಅನ್ನೋದು ಇರಲ್ಲಮ್ಮ” ಎಂದರು. ಈಗಿನ ನೌಕೆ ಕಳಿಸಿದ ಹೊಸ ಫೋಟೋದಲ್ಲಿ ಅಲ್ಲಿ ಏನೂ ಇಲ್ಲವಲ್ಲ ಸರ್ ಎಂದರೆ, “ಅದಕ್ಕೇ ತಾನೇ ಅದು ವಿಶೇಷ!” ಎಂದರು. ಮಾನ್ಯರೇ, ತಾವು ಕೊಟ್ಟ ಕುಳಿಗಳ ಪಟ್ಟಿಗೆ ಸಹಿ ಹಾಕುವುದಿಲ್ಲವೆಂದ ದೊಡ್ಡಕ್ಕನನ್ನು ಸ್ಟೋರ್ ರೂಮಿಗೆ ಕಳಿಸಿ, ಮುರಿದ ಕುರ್ಚಿಗಳ ಲೆಕ್ಕ ತೆಗೆಯಲು ಹೇಳಿದ್ದಾರೆ. “ಎಣಿಸೋದೇ ತಾನೇ?” ಎಂದರಂತೆ. ಕಂಡದ್ದನ್ನು ಹೇಳಿದರೆ ಕೆಂಡದಂಥ ಕೋಪ, ಇನ್ನೇನು.

ಇಷ್ಟಾದರೆ ನಗಬಹುದಿತ್ತು. ಆದರೆ ಚಂದ್ರನನ್ನು ಸುತ್ತುತ್ತಿರುವ ನಮ್ಮ ನೌಕೆಯಲ್ಲಿ ಇನ್ನೊಂದೇ ಒಂದು ಸಲ ಹೊರಳಿ ನೋಡುವಷ್ಟು ಇಂಧನ ಉಳಿದಿದೆ. ದಕ್ಷಿಣದ ತುದಿಯಲ್ಲಿ ಎಂದೂ ಬಿಸಿಲು ಕಾಣದ ತಳವುಳ್ಳ ಒಂದು ಕುಳಿಯಿದೆ; ಎದುರಿನ ಗೋಡೆಗೆ ಬಿದ್ದ ಬಿಸಿಲು ಚಿಮ್ಮಿ ಆ ತಳ ಮಸುಕಾಗಿಯಾದರೂ ಕಾಣುವ ದಿನವನ್ನು ದೊಡ್ಡಕ್ಕ ಒಂಬತ್ತು ವರ್ಷ ಲೆಕ್ಕ ಹಾಕಿ ಹಿಡಿದಿದ್ದರು. ಅಲ್ಲಿ ಮಂಜುಗಡ್ಡೆ ಇದೆಯೋ ಇಲ್ಲವೋ ನೋಡಿಯೇ ನಿವೃತ್ತಳಾಗುತ್ತೇನೆ ಎನ್ನುತ್ತಿದ್ದರು. ಆ ದಿನ ಬರುವ ಶುಕ್ರವಾರ. ಅಂದೇ ನೌಕೆಯನ್ನು ನನ್ನ ಲೋಟದ ಗುರುತಿನ ಕಡೆಗೆ ಹೊರಳಿಸಲು ಆದೇಶವಾಗಿದೆ. ಮಾನ್ಯರೇ, ಅಂದು ಲೋಟವನ್ನು ಒಂದು ಗೇಣು ಆಚೆ ಇಟ್ಟಿದ್ದರೆ ಆಗುತ್ತಿರಲಿಲ್ಲವೇ?

ಆದುದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ. ಶುಕ್ರವಾರದೊಳಗೆ ತಾವು ಒಂದೇ ಒಂದು ಸಲ ತಲೆಕೆಳಗಾಗಿ ನಿಂತು ಆ ಫೋಟೋ ನೋಡಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ತಕ್ಕ ಗಾತ್ರದ ಬಂಡೆಯೊಂದನ್ನು ಆ ಬಯಲಿಗೆ ಅಪ್ಪಳಿಸುವಂತೆ ಏರ್ಪಾಡು ಮಾಡಿ, ನಿರ್ದೇಶಕರ ಮಾವನವರ ಮಾನ ಉಳಿಸಬೇಕು. ಎರಡೂ ಆಗದಿದ್ದಲ್ಲಿ “ನನಗೆ ಗೊತ್ತಾಗುತ್ತಿಲ್ಲ, ದೊಡ್ಡಕ್ಕನನ್ನು ಕೇಳಿ” ಎಂಬ ಒಂದು ಸಾಲನ್ನು ತಮ್ಮ ಪರದೆಯ ಮೇಲೆ ತೋರಿಸಿದರೂ ಸಾಕು. ಈ ಕಟ್ಟಡದಲ್ಲಿ ಆ ಮಾತನ್ನು ತಾವಲ್ಲದೆ ಬೇರೆ ಯಾರು ಹೇಳಿದರೂ ನಂಬುವವರಿಲ್ಲ.

ತಮ್ಮ ಮಹಾಶೋಧದ ಮೂಲಕರ್ತೃವೂ ತಮ್ಮ ವಿಶ್ವಾಸಿಯೂ ಆದ,
ಎರಡನೇ ಮೇಜಿನವಳು

ತಾ.ಕ.: ಈ ಪತ್ರದ ಬಲಮೂಲೆಯಲ್ಲಿ ತಮಗೊಂದು ದುಂಡನೆಯ ಕುಳಿ ಕಾಣಿಸೀತು. ಬೆಳಿಗ್ಗೆ ಸ್ಟೋರ್ ರೂಮಿಗೆ ಹೋಗಿ ಇದನ್ನು ಓದಿ ತೋರಿಸಿದಾಗ, ಮೂವತ್ತೊಂದು ವರ್ಷಗಳಲ್ಲಿ ಒಮ್ಮೆಯೂ ಕಾಗದದ ಮೇಲೆ ಲೋಟ ಇಡದ ದೊಡ್ಡಕ್ಕ ಬೇಕೆಂದೇ ಒತ್ತಿ ಇಟ್ಟದ್ದು ಅದು. ನಿರ್ದೇಶಕರ ಅತ್ತೆಯವರ ಹೆಸರು ಇನ್ನೂ ಬಾಕಿಯಿದೆಯಂತೆ, ಇದಕ್ಕಿಡಬಹುದು. ಹಿಂಭಾಗದಲ್ಲಿ ಅವರು ಪೆನ್ಸಿಲಿನಿಂದ ಏನೋ ಬರೆದಿದ್ದಾರೆ; ತಮ್ಮ ಪಾಲಿಗೆ ಅದು ಇಲ್ಲ.